ಧರ್ಮದ ತಾಸನ್ನು ಖಾಲಿ ಬಿಡಬೇಡಿ: ಕಾನ್ವೆಂಟ್ ಶಾಲೆಗಳ ಹಿರಿಯರಿಗೊಂದು ಬಹಿರಂಗ ಪತ್ರ

ಬೆಳಗಾವಿ ಧರ್ಮಪ್ರಾಂತ್ಯದ ಪೂಜ್ಯ ಧರ್ಮಾಧ್ಯಕ್ಷರಿಗೆ, ನಮ್ಮ ಭಾಗದ ಮಕ್ಕಳಿಗೆ ವಿದ್ಯೆ ಕಲಿಸುತ್ತಿರುವ ಎಲ್ಲ ಫಾದರ್, ಸಿಸ್ಟರ್ ಮತ್ತು ಶಿಕ್ಷಕರಿಗೆ,



ನಾನು ಕ್ರೈಸ್ತನಲ್ಲ. ರೋಣದ ಎರಿ ಹೊಲದಲ್ಲಿ ಜೋಳ, ಕಡಲೆ ಬೆಳೆದುಕೊಂಡು ಬಂದ ಲಿಂಗಾಯತ ಮನೆತನದವನು. ನಮ್ಮ ಮನೆಯ ಮಕ್ಕಳು, ಬೀಗರ ಮನೆಯ ಮಕ್ಕಳು, ನರಗುಂದ, ಗಜೇಂದ್ರಗಡದ ಕಡೆಯ ಎಷ್ಟೋ ಪರಿಚಯದವರ ಮಕ್ಕಳು ನಿಮ್ಮ ಕೈಯಲ್ಲಿ ಕಲಿತಿದ್ದಾರೆ, ಕಲಿಯುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಗದಗ, ಹುಬ್ಬಳ್ಳಿ, ಧಾರವಾಡದಲ್ಲಿ ಹಾಸ್ಟೆಲ್ ಹಿಡಿದೋ ನೆಂಟರ ಮನೆಯಲ್ಲಿ ನಿಂತೋ ಓದುತ್ತಾರೆ. ನಿಮ್ಮ ಇಂಗ್ಲಿಷಿನ ಬಗ್ಗೆ, ಗಣಿತದ ಬಗ್ಗೆ, ಶಿಸ್ತಿನ ಬಗ್ಗೆ ನನ್ನದೇನೂ ತಕರಾರಿಲ್ಲ. ವೇಳಾಪತ್ರಿಕೆಯಲ್ಲಿ ವಾರಕ್ಕೊಮ್ಮೆಯೋ ಎರಡು ಸಲವೋ ಬಂದು ಹೋಗುವ ಒಂದು ತಾಸಿನ ಬಗ್ಗೆ ತಕರಾರಿದೆ. ಕ್ಯಾಥೊಲಿಕ್ ಮಕ್ಕಳಿಗೆ ಅದು ಕ್ಯಾಟಿಕಿಸಂ, ಅಂದರೆ ಧರ್ಮೋಪದೇಶ; ಉಳಿದ ಮಕ್ಕಳಿಗೆ ಮೌಲ್ಯ ಶಿಕ್ಷಣ. ಕಾನ್ವೆಂಟಿನವರು ಮಕ್ಕಳಿಗೆ ಧರ್ಮ ತಲೆಗೆ ತುಂಬುತ್ತಾರೆ ಎಂದು ದೂರುವವರು ನಿಮಗೆ ಬೇಕಾದಷ್ಟು ಸಿಕ್ಕಿರುತ್ತಾರೆ. ನನ್ನ ದೂರು ಅದಕ್ಕೆ ಪೂರ್ತಿ ಎದುರಿನದು. ನೀವು ಧರ್ಮವನ್ನು ಕಲಿಸುತ್ತಲೇ ಇಲ್ಲ. ನಿಮ್ಮ ಮಕ್ಕಳಿಗೂ ಕಲಿಸುತ್ತಿಲ್ಲ, ನಮ್ಮ ಮಕ್ಕಳಿಗೂ ಕಲಿಸುತ್ತಿಲ್ಲ.

ಶೀಗಿ ಹುಣ್ಣಿಮೆಗೆ ನನ್ನ ತಮ್ಮನ ಮಗಳು ಗೆಳತಿಯೊಬ್ಬಳನ್ನು ಕರೆದುಕೊಂಡು ಊರಿಗೆ ಬಂದಿದ್ದಳು. ಇಬ್ಬರೂ ಎಂಟನೆಯ ಇಯತ್ತೆ. ಗೆಳತಿ ಕ್ಯಾಥೊಲಿಕ್ ಹುಡುಗಿ. ಮಂಗಳೂರು ಕಡೆಯಿಂದ ಬಂದ ಅವಳ ತಂದೆ ಗಜೇಂದ್ರಗಡದ ಗುಡ್ಡದ ಗಾಳಿಯಂತ್ರಗಳ ಕೆಲಸದಲ್ಲಿದ್ದಾರೆ. ಹುಡುಗಿ ಹುಟ್ಟಿ ಬೆಳೆದದ್ದು ಇಲ್ಲೇ, ಮಾತು ನಮ್ಮದೇ. ಪಡಸಾಲೆಯಲ್ಲಿ ಇಬ್ಬರ ಪಾಟೀಚೀಲವೂ ಬಿಚ್ಚಿ ಬಿದ್ದಿದ್ದವು. ನಮ್ಮ ಹುಡುಗಿಯ ಮೌಲ್ಯ ಶಿಕ್ಷಣದ ನೋಟುಬುಕ್ಕು ಕೈಗೆ ಸಿಕ್ಕಿತು. ಪ್ರಾಮಾಣಿಕತೆ ಎಂದರೇನು ಎಂಬ ಪ್ರಶ್ನೆ, ಮೂರು ಸಾಲಿನ ಉತ್ತರ. ಕ್ಷಮೆ ಎಂದರೇನು, ಮತ್ತೆ ಮೂರು ಸಾಲು. ದೇಶಪ್ರೇಮಕ್ಕೂ ಮೂರೇ ಸಾಲು. ಎಲ್ಲವೂ ಬೋರ್ಡಿನ ಮೇಲಿಂದ ಇಳಿಸಿಕೊಂಡದ್ದು ಎಂಬುದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಒಂದು ಕಡೆ ಬೋರ್ಡಿನಲ್ಲಿದ್ದ ಕಾಗುಣಿತದ ತಪ್ಪೂ ಹಾಗೇ ಇಳಿದು, ಅದರ ಮೇಲೂ ಕೆಂಪು ಶಾಯಿಯ ಗುರುತು ಬಿದ್ದಿತ್ತು. ಗೆಳತಿಯ ಕ್ಯಾಟಿಕಿಸಂ ಬುಕ್ಕಿನಲ್ಲಿ ದೇವರ ಹತ್ತು ಕಟ್ಟಳೆಗಳು, ಅವುಗಳ ಕೆಳಗೆ ಏಳು ಸಂಸ್ಕಾರಗಳ ಪಟ್ಟಿ. ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ ಎಂದು ಅಂಕಿ ಹಾಕಿ ಇಂಗ್ಲಿಷಿನಲ್ಲಿ ಬರೆದಿದ್ದಳು.

“ಈ ಮೂರನೇದ್ದು ನೀ ತಗೊಂಡೀಯಲ್ಲವಾ? ಅದನ್ನ ತಗೊಂಡ್ರ ಏನಾಗತೈತಿ?” ಎಂದು ಕೇಳಿದೆ.

“ಹೂನ್ರಿ, ಮೂರನೇತ್ತ್ಯಾಗ ತಗೊಂಡೀನ್ರಿ. ಫಾದರ್ ಕೊಡತಾರ್ರಿ,” ಎಂದಳು. ಸ್ವಲ್ಪ ಯೋಚಿಸಿ, “ಪರೀಕ್ಷಾದಾಗ ನಾಕ್ ಮಾರ್ಕಿಗೆ ಬರತೈತ್ರಿ,” ಎಂದಳು.

ನಮ್ಮ ಹುಡುಗಿ ಕಿಸಕ್ಕೆಂದು ನಕ್ಕಳು. ನಿನ್ನ ಕೊರಳಾಗಿನ ಲಿಂಗ ಯಾಕ ಕಟ್ಕೊಂಡೀ ಹೇಳು ಎಂದರೆ ಅವಳೂ ಸುಮ್ಮನಾದಳು. ಇಬ್ಬರೂ ಚುರುಕು ಹುಡುಗಿಯರು. ಗಣಿತದಲ್ಲಿ ತೊಂಬತ್ತರ ಮೇಲೆ ಅಂಕ ತೆಗೆಯುವವರು. ಕಲಿಸಿದರೆ ಕಲಿಯದ ಮಕ್ಕಳಲ್ಲ.

ಸಂಜೆ ಹೊಲದಲ್ಲಿ ಚರಗ ಚೆಲ್ಲುವಾಗ ಆ ಗೆಳತಿ ನನ್ನ ತಾಯಿಯನ್ನು ಕೇಳಿದಳು: ಇಷ್ಟು ಚೆಂದ ಮಾಡಿದ ಅಡಿಗಿ ಮಣ್ಣಿಗೆ ಯಾಕ ಚೆಲ್ಲತೀರಿ? ನನ್ನ ತಾಯಿ ಸಾಲಿ ಕಟ್ಟೆ ಹತ್ತಿದವಳಲ್ಲ. “ಭೂಮಿತಾಯಿ ಬಸರ್ಯಾಗ್ಯಾಳವಾ. ಬಸರಿ ಹೆಂಗಸಿಗೆ ಬಯಕಿ ಉಣಸಬೇಕೋ ಬ್ಯಾಡೋ? ಬರೇ ನಾವಾ ಉಂಡ್ರ ಆಕಿ ನಮ್ಮನ್ನ ಹ್ಯಾಂಗ ಸಾಕ್ಯಾಳು?” ಎಂದಳು. ಹುಡುಗಿಯ ಮುಖ ಅರಳಿತು. “ನಮ್ಮಲ್ಲೂ ಐತ್ರಿ ಅಜ್ಜಿ, ಸೆಪ್ಟೆಂಬರ್ ಎಂಟಕ್ಕ ಮರಿಯಮ್ಮನ ಹುಟ್ಟಿದಬ್ಬ. ಹೊಸಾ ತೆನಿ ಚರ್ಚಿಗೆ ಒಯ್ದು ಮಂತ್ರಿಸಿಕೊಂಡು ಬರತಾರ್ರಿ, ಮನ್ಯಾಗ ಎಲ್ಲಾರೂ ಕೂಡಿ ಹೊಸ ಊಟ ಮಾಡತೀವ್ರಿ,” ಎಂದು ತಾನಾಗಿ ಹೇಳತೊಡಗಿದಳು. ಊರಲ್ಲಿ ಅವಳ ಅಜ್ಜ ತೆನೆಯನ್ನು ಹಾಲಿಗೆ ಹಾಕಿ ಎಲ್ಲರಿಗೂ ಹಂಚುವುದು, ಅವತ್ತು ಮನೆಯಲ್ಲಿ ಮೀನು ಮಾಂಸ ಮಾಡದಿರುವುದು, ಬಾರದ ಮಕ್ಕಳಿಗೆ ಒಣಗಿದ ತೆನೆಯನ್ನು ಟಪಾಲಿನಲ್ಲಿ ಕಳಿಸುವುದು, ಎಲ್ಲ ಬಂತು. ನಾಲ್ಕು ಅಂಕದ ಪ್ರಶ್ನೆಗೆ ಬಾಯಿ ಕಟ್ಟಿದ್ದ ಹುಡುಗಿ ಹೊಲದ ಬದುವಿನ ಮೇಲೆ ತನ್ನ ಧರ್ಮವನ್ನು ಗಳಗಳ ಮಾತಾಡಿದಳು. ಶಾಲೆಯ ಆ ತಾಸಿನಲ್ಲಿ ಇಂಥ ಒಂದು ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ, ಅವಳು ಕೇಳುವುದಕ್ಕೂ ಎಡೆ ಇರಲಿಲ್ಲ ಎಂಬುದು ನನ್ನನ್ನು ಈ ಪತ್ರಕ್ಕೆ ಹಚ್ಚಿತು.

ಈ ತಾಸನ್ನು ಯಾರು ತೆಗೆದುಕೊಳ್ಳುತ್ತಾರೆ ಎಂದು ಬೇರೆ ಬೇರೆ ಶಾಲೆಗಳ ಮಕ್ಕಳನ್ನು ವಿಚಾರಿಸಿದ್ದೇನೆ. ಆ ಹೊತ್ತಿಗೆ ಯಾರು ಖಾಲಿ ಇರುತ್ತಾರೋ ಅವರು. ಹೊಸದಾಗಿ ಸೇರಿದ ಅಕ್ಕೋರು. ಒಮ್ಮೊಮ್ಮೆ ಆಟದ ಮಾಸ್ತರು. ಪರೀಕ್ಷೆ ಹತ್ತಿರ ಬಂದರೆ ಅದು ಗಣಿತದ ಪಾಲು. ಗಣಿತ ಕಲಿಸಲು ಪದವಿ ಬೇಕು, ಬಿ.ಎಡ್ ಬೇಕು, ಸಂದರ್ಶನದಲ್ಲಿ ಬೋರ್ಡಿನ ಮುಂದೆ ನಿಲ್ಲಿಸಿ ಪಾಠ ಮಾಡಿಸಿ ನೋಡುತ್ತೀರಿ. ದೇವರ ಬಗ್ಗೆ, ಪಾಪದ ಬಗ್ಗೆ, ಸಾವಿನ ಬಗ್ಗೆ ಹದಿಮೂರು ವರ್ಷದ ಮಗುವಿನ ಮುಂದೆ ನಿಂತು ಮಾತಾಡುವವರಿಗೆ ಯಾವ ತಯಾರಿಯೂ ಬೇಡವೇ?

ಇದನ್ನು ನಾನು ಹೊರಗಿನವನಾಗಿ ನಿಮ್ಮ ಮೇಲೆ ಹೇರುತ್ತಿಲ್ಲ. ನಿಮ್ಮ ಧರ್ಮಸಭೆಯ ಕಾನೂನೇ ಇದನ್ನು ಹೇಳುತ್ತದೆ. 1983ರ ಕ್ಯಾನನ್ ಕಾನೂನಿನ 804ನೆಯ ವಿಧಿಯ ಪ್ರಕಾರ, ಶಾಲೆಗಳಲ್ಲಿ ಧರ್ಮ ಕಲಿಸುವವರು ಸರಿಯಾದ ಬೋಧನೆಯಲ್ಲಿ, ಕ್ರೈಸ್ತ ಬದುಕಿನ ಸಾಕ್ಷಿಯಲ್ಲಿ, ಕಲಿಸುವ ಕೌಶಲದಲ್ಲಿ ಎದ್ದು ಕಾಣುವಂಥವರಾಗಿರಬೇಕು. ಹಾಗಿರುವಂತೆ ನೋಡಿಕೊಳ್ಳುವ ಹೊಣೆ ಧರ್ಮಾಧ್ಯಕ್ಷರದು. ಕಲಿಸುವ ಕೌಶಲ ಎಂಬುದನ್ನು ಆ ಕಾನೂನು ಬೇರೆಯಾಗಿಯೇ ಹೆಸರಿಸಿದೆ. ಭಕ್ತಿ ಇದ್ದರೆ ಸಾಕು, ಪಾಠ ತಾನಾಗಿ ಬರುತ್ತದೆ ಎಂದು ಅದನ್ನು ಬರೆದವರು ನಂಬಿರಲಿಲ್ಲ. ಅದಕ್ಕೂ ಮೊದಲು 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಕ್ರೈಸ್ತ ಶಿಕ್ಷಣದ ಬಗ್ಗೆ ಒಂದು ಘೋಷಣೆ ಹೊರಡಿಸಿತು. ಅದೇ ದಿನ, ಅದೇ ಸಭೆ, ಕ್ರೈಸ್ತೇತರ ಧರ್ಮಗಳನ್ನು ಗೌರವದಿಂದ ಕಾಣಬೇಕೆಂಬ ಘೋಷಣೆಯನ್ನೂ ಹೊರಡಿಸಿತು. ನಿಮ್ಮದನ್ನು ಆಳವಾಗಿ ಕಲಿಸುವುದು, ಇತರರದನ್ನು ಗೌರವದಿಂದ ಅರಿಯುವುದು, ಎರಡೂ ಒಂದೇ ದಿನ ಹೊರಬಿದ್ದ ಮಾತುಗಳು. ನಿಮ್ಮ ವೇಳಾಪತ್ರಿಕೆಯ ಆ ತಾಸಿನಲ್ಲಿ ಎರಡರ ಸುಳಿವೂ ನನಗೆ ಸಿಕ್ಕಲಿಲ್ಲ.

ನೀವು ಹೆದರಿದ್ದೀರಿ ಎಂದು ನನಗೆ ಗೊತ್ತು. ಹೆದರಲು ಕಾರಣವೂ ಇದೆ. 2024ರ ಫೆಬ್ರವರಿಯಲ್ಲಿ ಮಂಗಳೂರಿನ ಜೆಪ್ಪುವಿನ ಸೇಂಟ್ ಜೆರೋಸಾ ಶಾಲೆಯಲ್ಲಿ ಆದದ್ದನ್ನು ನಾವೂ ಟೀವಿಯಲ್ಲಿ ನೋಡಿದ್ದೇವೆ. ದುಡಿಮೆಯೇ ಪೂಜೆ ಎಂಬರ್ಥದ ಟ್ಯಾಗೋರರ ಕವಿತೆಯನ್ನು ಪಾಠ ಮಾಡುವಾಗ ಶಿಕ್ಷಕಿಯೊಬ್ಬರು ಹಿಂದೂ ದೇವರುಗಳ ಬಗ್ಗೆ ತಪ್ಪು ಮಾತಾಡಿದರೆಂಬ ಆರೋಪ ಬಂತು. ಗೇಟಿನ ಮುಂದೆ ಪ್ರತಿಭಟನೆ ನಡೆಯಿತು. ಶಿಕ್ಷಕಿಯನ್ನು ಕೆಲಸದಿಂದ ತೆಗೆಯಲಾಯಿತು. ತರಗತಿಯೊಳಗೆ ನಿಜಕ್ಕೂ ಏನು ಮಾತಾಯಿತು ಎಂದು ತೀರ್ಪು ಕೊಡಲು ನಾನು ಯಾರೂ ಅಲ್ಲ. ಆದರೆ ಆ ಸುದ್ದಿ ಕೇಳಿದಾಗ ನನಗೆ ಬಂದ ಯೋಚನೆ ಇದು: ದುಡಿಮೆಯಲ್ಲೇ ದೇವರನ್ನು ಕಾಣುವ ಮಾತನ್ನು ಹನ್ನೆರಡನೆಯ ಶತಮಾನದಲ್ಲೇ ಆಡಿ, ಬದುಕಿ ತೋರಿಸಿದ ನಾಡು ಇದು. ಕಾಯಕದ ತತ್ತ್ವವನ್ನು ಬಲ್ಲ ಶಿಕ್ಷಕರು ನಮ್ಮ ಮಕ್ಕಳ ಮುಂದೆ ಆ ಕವಿತೆಯನ್ನಿಟ್ಟರೆ, ಬಸವಣ್ಣನಿಂದ ಟ್ಯಾಗೋರರಿಗೆ, ಅಲ್ಲಿಂದ ಬಡಗಿಯ ಮನೆಯಲ್ಲಿ ಬೆಳೆದ ಯೇಸುವಿನವರೆಗೆ ಒಂದೇ ತಾಸಿನಲ್ಲಿ ಕರೆದುಕೊಂಡು ಹೋಗಬಹುದಲ್ಲ? ತಿಳಿದು ಆಡುವ ಮಾತಿಗೆ ಒಂದು ತೂಕ ಇರುತ್ತದೆ. ಎಂಥ ಪಾಲಕನಿಗೂ ಅದು ಗೊತ್ತಾಗುತ್ತದೆ.

2022ರ ಮತಾಂತರ ನಿಷೇಧ ಕಾನೂನು ಬಂದ ಮೇಲಂತೂ ಶಾಲೆಗಳಲ್ಲಿ ಧರ್ಮ ಎಂಬ ಶಬ್ದವನ್ನೇ ದನಿ ತಗ್ಗಿಸಿ ಆಡುವಂತಾಯಿತು. 2024ರ ಏಪ್ರಿಲ್‌ನಲ್ಲಿ ಭಾರತದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಸಮ್ಮೇಳನ ತನ್ನ ಶಾಲೆಗಳಿಗೆ ಮಾರ್ಗಸೂಚಿ ಕಳಿಸಿತು. ದೇಶದಲ್ಲಿ ಸುಮಾರು 14,000 ಶಾಲೆಗಳು ಅದರ ವ್ಯಾಪ್ತಿಗೆ ಬರುತ್ತವೆ. ಇತರ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರಬೇಡಿ, ದಿನಾ ಬೆಳಿಗ್ಗೆ ಸಂವಿಧಾನದ ಪೀಠಿಕೆ ಓದಿಸಿ, ಸಾಧ್ಯವಾದರೆ ಎಲ್ಲ ಧರ್ಮದವರಿಗೂ ಒಂದು ಪ್ರಾರ್ಥನಾ ಕೊಠಡಿ ಇಡಿ ಎಂದು ಅದರಲ್ಲಿದೆ. ಒಳ್ಳೆಯ ಮಾತು, ನಾನು ಮನಸಾರೆ ಒಪ್ಪುತ್ತೇನೆ. ಆದರೆ ಹೇರಬೇಡಿ ಎಂದದ್ದನ್ನು ಕಲಿಸಬೇಡಿ ಎಂದು ತಿಳಿದುಕೊಂಡ ಶಾಲೆಗಳೇ ಹೆಚ್ಚು. ಗೋಡೆಯ ಮೇಲೆ ಮಹಾತ್ಮರ ಪಟಗಳು ಏರಿದವು. ತಾಸು ಮಾತ್ರ ಮೊದಲಿನಂತೆ ಖಾಲಿಯೇ ಉಳಿಯಿತು.

ಸಂವಿಧಾನವೂ ನಿಮ್ಮ ಕೈ ಕಟ್ಟಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧರ್ಮಬೋಧನೆಗೆ ಕೂರಲೇಬೇಕೆಂದು ಯಾವ ಮಗುವನ್ನೂ ಒತ್ತಾಯಿಸುವಂತಿಲ್ಲ, ಪಾಲಕರ ಒಪ್ಪಿಗೆ ಬೇಕು ಎನ್ನುತ್ತದೆ 28ನೆಯ ವಿಧಿಯ ಮೂರನೆಯ ಉಪವಿಧಿ. ಒಪ್ಪಿಗೆ ಕೇಳಿ ಎಂದು ಅದು ಹೇಳುತ್ತದೆ. ನಮ್ಮನ್ನು ಯಾರೂ ಯಾವತ್ತೂ ಕೇಳಿಲ್ಲ. ಅಡ್ಮಿಶನ್ ಫಾರ್ಮಿನಲ್ಲಿ ಬಸ್ಸು ಬೇಕೋ ಬೇಡವೋ ಎಂದು ಕೇಳುತ್ತೀರಿ, ಎರಡನೆಯ ಭಾಷೆ ಯಾವುದು ಎಂದು ಕೇಳುತ್ತೀರಿ. ಇದನ್ನು ಕೇಳುವುದಿಲ್ಲ.

ಧರ್ಮಬೋಧನೆ ಬೇರೆ, ಧರ್ಮಗಳ ಬಗ್ಗೆ ತಿಳಿವಳಿಕೆ ಬೇರೆ ಎಂದು ಈ ದೇಶ ಬಹಳ ಹಿಂದೆಯೇ ಯೋಚನೆ ಮಾಡಿದೆ. 1959ರಲ್ಲಿ ನೇಮಕವಾದ ಶ್ರೀಪ್ರಕಾಶ ಸಮಿತಿ ಶಾಲೆಗಳಲ್ಲಿ ಎಲ್ಲ ಧರ್ಮಗಳ ಮಹಾಪುರುಷರ ಬದುಕು, ಬೋಧನೆಗಳನ್ನು ಕಲಿಸಬೇಕೆಂದಿತು. 1964–66ರ ಕೊಠಾರಿ ಆಯೋಗ ಈ ಎರಡರ ನಡುವಿನ ಗೆರೆಯನ್ನು ಸ್ಪಷ್ಟವಾಗಿ ಎಳೆದು, ದೊಡ್ಡ ಧರ್ಮಗಳೆಲ್ಲದರ ಪರಿಚಯ ಪಠ್ಯದಲ್ಲಿರಲಿ ಎಂದಿತು. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಧರ್ಮಗಳ ಬಗ್ಗೆ ಕಲಿಸುವುದು ಜಾತ್ಯತೀತತೆಗೆ ವಿರುದ್ಧವಲ್ಲ ಎಂದಿದೆ. ಸರ್ಕಾರಿ ಶಾಲೆಗಳು ಇದನ್ನು ಮಾಡಲಿಲ್ಲ, ಅವಕ್ಕೆ ಅವುಗಳದೇ ತೊಡಕು. ನಮ್ಮ ಮಠಗಳು ನಡೆಸುವ ಶಾಲೆಗಳೂ ಮಾಡಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಲಿಂಗಾಯತ ಮಕ್ಕಳು ವಚನಗಳನ್ನು ಸ್ಪರ್ಧೆಗೆಂದು ಬಾಯಿಪಾಠ ಮಾಡಿ, ಬಹುಮಾನದ ಸ್ಟೀಲ್ ತಟ್ಟೆ ತಂದು ಮರೆಯುತ್ತಾರೆ. ನಮ್ಮ ಮಠದ ಅಜ್ಜಾರ ಮುಂದೂ ಇದನ್ನು ಆಡಿದ್ದೇನೆ. ನಿಮ್ಮ ಮುಂದೆ ಇಷ್ಟು ಒತ್ತಿ ಆಡಲು ಕಾರಣ, ಕಲಿಸುವುದನ್ನೇ ಬದುಕಿನ ವ್ರತ ಮಾಡಿಕೊಂಡ ಜನ ನೀವು. ಮದುವೆ, ಮನೆ, ಮಕ್ಕಳು ಬಿಟ್ಟು ಬಂದಿದ್ದೀರಿ. ಅಂಥವರ ಶಾಲೆಯಲ್ಲಿ ಎಲ್ಲಕ್ಕಿಂತ ಬಡವಾದ ತಾಸು ಇದೇ ಆಗಬಾರದು.

ನಮ್ಮ ಸೀಮೆಯಲ್ಲಿ ಈ ಪಾಠಕ್ಕೆ ಬೇಕಾದ ಸಾಮಗ್ರಿ ಎಷ್ಟು ಬಿದ್ದಿದೆ ನೋಡಿ. ಮೊಹರಂ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಅಲಾಯಿ ಕುಣಿ ತೋಡುವವರಲ್ಲಿ, ಹೆಜ್ಜೆ ಹಾಕುವವರಲ್ಲಿ, ಹರಕೆ ಹೊತ್ತು ಲಾಡಿ ಹಾಕಿಸಿಕೊಂಡು ಫಕೀರರಾಗುವವರಲ್ಲಿ ಹಿಂದೂಗಳೇ ಹೆಚ್ಚು. ಮುಸ್ಲಿಂ ಮನೆ ಇಲ್ಲದ ಊರಲ್ಲೂ ಅಲಾಯಿ ದೇವರು ಕೂಡುತ್ತವೆ. ಕರ್ಬಲಾದಲ್ಲಿ ಸತ್ತವರಾರು, ಯಾಕೆ ಸತ್ತರು ಎಂದು ಕೇಳಿ. ಹಾಡು ಬಲ್ಲ ಮುದುಕರು ರಾತ್ರಿಯಿಡೀ ಹೇಳುತ್ತಾರೆ, ಆ ಮುದುಕರ ಮೊಮ್ಮಕ್ಕಳಿಗೆ ಗೊತ್ತಿಲ್ಲ. ಗಜೇಂದ್ರಗಡದ ಗುಡ್ಡದ ಮೇಲಿನ ಕಾಲಕಾಲೇಶ್ವರನಿಗೆ ಹೋಗುವ ಮಕ್ಕಳು ಅಲ್ಲಿ ಸೆಲ್ಫಿ ತೆಗೆಸಿಕೊಂಡು ಇಳಿಯುತ್ತಾರೆ. ಸೂಡಿಯ ಜೋಡುಕಳಸದ ಗುಡಿ, ನಾಗಕುಂಡಗಳ ಮುಂದೆ ಒಂದು ತಾಸು ಕೂರಿಸಿ ಮಾತಾಡಿದರೆ ಸಾವಿರ ವರ್ಷದ ಹಿಂದೆ ಈ ನೆಲದಲ್ಲಿ ಶೈವರು ಹೇಗೆ ದೇವರನ್ನು ಕಂಡರು ಎಂಬುದನ್ನು ಕಲ್ಲಿನಲ್ಲೇ ತೋರಿಸಬಹುದು. ಗಜೇಂದ್ರಗಡ ದಾಟಿ ಕುಷ್ಟಗಿ ಮೇಲೆ ಹೋದರೆ ಮುದಗಲ್ಲು. ಅಲ್ಲಿನ ಮೊಹರಂ ನೋಡಲು ಎಲ್ಲೆಲ್ಲಿಂದಲೋ ಜನ ಸೇರುತ್ತಾರೆ. ಅದೇ ಊರಿನಲ್ಲಿ ಆದಿಲ್‌ಶಾಹಿ ಕಾಲದ ನಂಟಿರುವ ನಿಮ್ಮದೇ ಹಳೆಯ ಚರ್ಚು ಇದೆ. ನಮ್ಮ ಕಡೆಯ ಕ್ಯಾಥೊಲಿಕ್ ಮಕ್ಕಳನ್ನು ಅಲ್ಲಿಗೆ ಒಂದು ದಿನ ಕರೆದೊಯ್ದದ್ದು ನನ್ನ ಕಿವಿಗಂತೂ ಬಿದ್ದಿಲ್ಲ. ಪ್ರವಾಸ ಹೊರಡುವುದು ಗೋವಾಕ್ಕೆ, ವಾಟರ್ ಪಾರ್ಕಿಗೆ. ಹೋಗಲಿ ಬಿಡಿ, ಮಕ್ಕಳಿಗೆ ನೀರಾಟವೂ ಬೇಕು. ಆದರೆ ಮುದಗಲ್ಲೂ ಬೇಕು. ನಿನ್ನ ಧರ್ಮ ನಿನ್ನೆ ಮೊನ್ನೆ ಹೊರಗಿನಿಂದ ಬಂದದ್ದು ಎಂದು ನೆರೆಯ ಹುಡುಗ ಚುಚ್ಚಿದಾಗ, ಆದಿಲ್‌ಶಾಹಿ ಕಾಲದಿಂದ ಇಲ್ಲಿದ್ದೇವೆ ಎಂದು ತಲೆ ಎತ್ತಿ ಹೇಳುವ ತಿಳಿವಳಿಕೆಯನ್ನು ಆ ಮಗುವಿಗೆ ನೀವಲ್ಲದೆ ಯಾರು ಕೊಡಬೇಕು?

ಈ ನೆಲದ ಧರ್ಮಗಳಿಗೆ ಹತ್ತಿರ ಬಂದು ತೋರಿಸಿದವರು ನಿಮ್ಮಲ್ಲೇ ಇದ್ದಾರೆ. ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಜೆಸ್ವಿಟ್ ಗುರುವೊಬ್ಬರು ಸ್ವಾಮಿ ಅನಿಮಾನಂದ ಎಂಬ ಹೆಸರಿನಿಂದ ಕಾವಿ ತೊಟ್ಟು, ಕನ್ನಡದಲ್ಲಿ, ನಮ್ಮ ವಿರಕ್ತರ ರೀತಿಯಲ್ಲಿ ಮಠ ಕಟ್ಟಿ ಬದುಕಿದರು. ಪ್ರೊಟೆಸ್ಟಂಟರ ಕಡೆ ಬಂದರೆ, ಧಾರವಾಡ ಸೀಮೆಯಲ್ಲಿ ಓಡಾಡಿದ ಬಾಸೆಲ್ ಮಿಷನ್ನಿನ ಕಿಟೆಲ್ ಸಾಹೇಬರು 1894ರಲ್ಲಿ ನಿಘಂಟು ಕೊಡುವ ಎಷ್ಟೋ ಮೊದಲೇ, 1862ರಲ್ಲಿ, ಯೇಸುವಿನ ಕಥೆಯನ್ನು ಕನ್ನಡದ ಮಟ್ಟುಗಳಲ್ಲಿ ಹೊಂದಿಸಿ ‘ಕಥಾಮಾಲೆ’ ಬರೆದಿದ್ದರು. ನಮ್ಮ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ವಾರ ವಾರದ ಶಿವಾನುಭವದಲ್ಲಿ ಬೇರೆ ಬೇರೆ ಧರ್ಮದವರನ್ನು ಕರೆಸಿ ಕೂರಿಸಿ ಮಾತಾಡಿಸುತ್ತಿದ್ದರು. ಕೋಮು ಸೌಹಾರ್ದದ ರಾಷ್ಟ್ರೀಯ ಪ್ರಶಸ್ತಿ ಅವರಿಗೆ ಬಂದದ್ದು ಸುಮ್ಮನೆ ಅಲ್ಲ. 2018ರಲ್ಲಿ ಅವರು ಲಿಂಗೈಕ್ಯರಾದಾಗ ಎಲ್ಲ ಜಾತಿ, ಧರ್ಮದ ಜನ ಅತ್ತರು. ಇವರೆಲ್ಲ ತಮ್ಮ ಧರ್ಮವನ್ನು ತೆಳು ಮಾಡಿಕೊಂಡು ಇತರರ ಹತ್ತಿರ ಬಂದವರಲ್ಲ. ತಮ್ಮದರಲ್ಲಿ ಬೇರು ಗಟ್ಟಿ ಇದ್ದುದರಿಂದಲೇ ಹತ್ತಿರ ಬರಲು ಅವರಿಗೆ ಅಂಜಿಕೆ ಇರಲಿಲ್ಲ.

ಇನ್ನು ಭಾಷೆಯ ಮಾತು. ಆ ಕ್ಯಾಥೊಲಿಕ್ ಹುಡುಗಿ ಮನೆಯಲ್ಲಿ ಕೊಂಕಣಿ, ಓಣಿಯಲ್ಲಿ ಕನ್ನಡ ಆಡುತ್ತಾಳೆ. ಕ್ಯಾಟಿಕಿಸಂ ಮಾತ್ರ ಇಂಗ್ಲಿಷಿನಲ್ಲಿ. ಹೀಗಾಗಿ ಅವಳಿಗೆ ದೇವರು ಪರೀಕ್ಷೆಯ ಭಾಷೆಯಲ್ಲಿ ಮಾತಾಡುವ ದೇವರಾಗಿದ್ದಾನೆ. ಕನ್ನಡದಲ್ಲಿ ಬಲಿಪೂಜೆ ಇದೆ, ಕನ್ನಡದಲ್ಲಿ ಬೈಬಲ್ ಇದೆ, ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕಗಳಿವೆ. ಪಾಪನಿವೇದನೆಗೆ ಕೂತಾಗ ಮಗು ಯಾವ ಭಾಷೆಯಲ್ಲಿ ಅಳುತ್ತದೋ ಆ ಭಾಷೆಯಲ್ಲಿ ಅದರ ಧರ್ಮದ ಪಾಠ ನಡೆಯಲಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಕ್ಯಾಥೊಲಿಕ್ ಮಕ್ಕಳು ರೋಣ, ನರಗುಂದ, ಗಜೇಂದ್ರಗಡ ಎಂಬ ನಮ್ಮ ಮೂರು ತಾಲ್ಲೂಕುಗಳಲ್ಲಿ ಬೆರಳೆಣಿಕೆಯಷ್ಟು; ಅವರನ್ನು ಬೇರೆ ಕೂರಿಸಿ, ತಯಾರಾದ ಧರ್ಮಬೋಧಕರಿಂದ, ಅಂಕವಿಲ್ಲದ ಪಾಠ ಮಾಡಿಸಿ. ಧರ್ಮಬೋಧಕರನ್ನು ತಯಾರು ಮಾಡುವ ರಾಷ್ಟ್ರೀಯ ಕೇಂದ್ರ ನಮ್ಮದೇ ಬೆಂಗಳೂರಿನಲ್ಲಿ 1967ರಿಂದ ಇದೆ, ಅಮಲೋರ್ಪವದಾಸ್ ಅಂಥ ದೊಡ್ಡವರು ಕಟ್ಟಿದ್ದು. ವರ್ಷಕ್ಕೆ ಇಬ್ಬರು ಶಿಕ್ಷಕರನ್ನಾದರೂ ಅಲ್ಲಿಗೆ ಕಳಿಸಿ. ಉಳಿದ ಮಕ್ಕಳ ತಾಸಿನಲ್ಲಿ ಮೂರು ಸಾಲಿನ ಪ್ರಾಮಾಣಿಕತೆಯನ್ನು ಬಿಟ್ಟು ಧರ್ಮಗಳನ್ನೇ ಕಲಿಸಿ. ಇಸ್ಲಾಮಿಗೆ ಬಲ್ಲ ಮುಸ್ಲಿಂ ಹಿರಿಯರನ್ನು, ವಚನಕ್ಕೆ ಮಠದವರನ್ನು, ಜೈನರ ವಿಷಯಕ್ಕೆ ಜೈನರನ್ನು ಕರೆಸಿ. ಕ್ರಿಸ್ತನ ಬಗ್ಗೆ ನೀವೇ ಹೇಳಿ, ಮುಚ್ಚುಮರೆ ಇಲ್ಲದೆ ಹೇಳಿ. ಶಿಲುಬೆಯ ಮೇಲೆ ಸಾಯುವಾಗಲೂ ಕೊಂದವರನ್ನು ಕ್ಷಮಿಸೆಂದು ಬೇಡಿದವನ ಕಥೆ ಕೇಳಿ ನಮ್ಮ ಮಕ್ಕಳು ಕೆಡುವುದಿಲ್ಲ. ಕ್ಷಮೆ ಎಂದರೇನು ಎಂಬುದು ಆ ಮೂರು ಸಾಲಿಗಿಂತ ಚೆನ್ನಾಗಿ ಅವರಿಗೆ ತಿಳಿದೀತು. ಪಾಲಕರನ್ನು ಹಿಂದಿನ ಬೆಂಚಿನಲ್ಲಿ ಕೂರಲು ಬಿಡಿ. ಯಾರಿಗೆ ಅನುಮಾನವಿದೆಯೋ ಅವರು ಬಂದು ಕೇಳಲಿ. ಬಾಗಿಲು ತೆರೆದಿದ್ದರೆ ಗೇಟಿನ ಮುಂದೆ ಕೂಗುವವರ ಮಾತನ್ನು ನಂಬುವವರೂ ಕಡಿಮೆಯಾಗುತ್ತಾರೆ.

ತಂಟೆ ಬಂದರೆ ನಿಮ್ಮ ಜೊತೆ ಯಾರು ನಿಲ್ಲುತ್ತಾರೆ ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿರಬಹುದು. ನ್ಯಾಯದ ಪ್ರಶ್ನೆ ಅದು. ಮಂಗಳೂರಿನಲ್ಲಿ ಎಷ್ಟು ಪಾಲಕರು ಮುಂದೆ ಬಂದು ಮಾತಾಡಿದರು ಎಂದು ನೀವು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ನಮ್ಮ ಕಡೆಯದನ್ನು ಹೇಳಬಲ್ಲೆ. ಕಾಲುವೆ ನೀರಿಗಾಗಿ, ಕರದ ವಿರುದ್ಧ 1980ರಲ್ಲಿ ನರಗುಂದದಲ್ಲಿ ಗುಂಡಿಗೆ ಎದೆಯೊಡ್ಡಿದ ಜನ, ಮಹದಾಯಿ ನದಿಯ ನೀರಿಗಾಗಿ 2015ರಿಂದ ವರ್ಷಗಟ್ಟಲೆ ಧರಣಿ ಕೂತ ಜನ ನಾವು. ಮಕ್ಕಳ ಓದಿನ ಪ್ರಶ್ನೆ ಬಂದರೆ ಶಾಲೆಯ ಗೇಟಿಗೆ ಬರಲು ಹಿಂಜರಿಯುವುದಿಲ್ಲ. ಆದರೆ ಅದಕ್ಕೆ ಮೊದಲು ನೀವು ನಮ್ಮನ್ನು ಕೇಳಬೇಕು, ಏನು ಕಲಿಸುತ್ತೀರೆಂದು ನಮಗೆ ಹೇಳಬೇಕು. ಕೇಳದೆ, ಹೇಳದೆ ಇದ್ದವರ ಪರವಾಗಿ ಸಾಕ್ಷಿ ನುಡಿಯುವುದು ನಮಗೂ ಕಷ್ಟ.

ಜೂನ್‌ನಲ್ಲಿ ಶಾಲೆ ಸುರುವಾಗುವ ಮೊದಲು ಒಪ್ಪಿಗೆ ಪತ್ರದ ಒಂದು ನಮೂನೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಮನೆಗಳಿಗೆ ಕಳಿಸಿಕೊಡಿ. ವರ್ಷವಿಡೀ ಆ ತಾಸಿನಲ್ಲಿ ಯಾವ ಪಾಠ, ಯಾರಿಂದ ಎಂಬುದನ್ನು ಅದರ ಹಿಂಬದಿಯಲ್ಲಿ ಬರೆಯಿರಿ. ನಮ್ಮ ತಮ್ಮನ ಮಗಳ ಪತ್ರಕ್ಕೆ ಅವಳಪ್ಪ ಸಹಿ ಹಾಕುತ್ತಾನೆ, ನಾನು ಕೇಳಿ ಒಪ್ಪಿಸಿದ್ದೇನೆ. ಆ ಗೆಳತಿಯ ತಂದೆಯೂ ಹಾಕುತ್ತೇನೆ ಎಂದಿದ್ದಾರೆ.

ಇಂತಿ,
ನಿಮ್ಮ ಶಾಲೆಯ ಮಗುವೊಂದರ ದೊಡ್ಡಪ್ಪ,
ರೋಣ